ಹೆಸರು ಹಿಡಿದು ಕರೆಯಬೇಕು

ಡಿಸೆಂಬರ್ ಬಂತೆಂದರೆ ಈ ವಾಕ್ಯ ಎಲ್ಲಾದರೂ ಒಂದು ಕಡೆ ಕಣ್ಣಿಗೆ ಬೀಳುತ್ತದೆ: 1971ರ ಯುದ್ಧದಲ್ಲಿ ಐಎನ್‌ಎಸ್ ಖುಕ್ರಿ ಮುಳುಗಿ 18 ಅಧಿಕಾರಿಗಳು, 176 ನಾವಿಕರು ಜಲಸಮಾಧಿಯಾದರು. ಪತ್ರಿಕೆಯಲ್ಲಿ ಓದಿದ್ದೇನೆ, ಶಾಲೆಯ ವೇದಿಕೆಯಲ್ಲಿ ಕೇಳಿದ್ದೇನೆ. ಒಂದು ಕಾಲದಲ್ಲಿ ನಾನೂ ಹಾಗೆಯೇ ಬರೆಯುತ್ತಿದ್ದೆ. ಇವತ್ತು ಆ ವಾಕ್ಯವನ್ನು ವಿರೋಧಿಸಲೆಂದೇ ಕೂತಿದ್ದೇನೆ.

ಮೊದಲು ಆ ಪದ. ಸಮಾಧಿ ಅಂದರೆ ಏನು? ಬದುಕನ್ನು ಪೂರ್ತಿ ಕಂಡು, ಇನ್ನು ಸಾಕು ಎಂದು ಮನಸ್ಸು ಮಾಡಿದವನು ತಾನಾಗಿ ಒಳಹೊಗುವ ಸ್ಥಿತಿ. ಮಂತ್ರಾಲಯದ ರಾಯರು 1671ರಲ್ಲಿ ಶಿಷ್ಯರಿಗೆ ಹೇಳಿಯೇ ವೃಂದಾವನ ಪ್ರವೇಶಿಸಿದರು. ಅದಕ್ಕೆ ಆ ಮಾತು ಸಲ್ಲುತ್ತದೆ. ಯುದ್ಧನೌಕೆಯ ಬಾಯ್ಲರ್ ಕೋಣೆಯಲ್ಲಿ ಬೆವರು ಒರೆಸಿಕೊಳ್ಳುತ್ತಾ ನಿಂತಿದ್ದ ಇಪ್ಪತ್ತರ ಹುಡುಗನಿಗೆ ಹೇಗೆ ಸಲ್ಲುತ್ತದೆ? ಅವನು ಬದುಕನ್ನು ಇನ್ನೂ ನೋಡಿರಲಿಲ್ಲ. ಸಾಕು ಅನ್ನಲಿಲ್ಲ. ಅವನನ್ನು ಯಾರೂ ಕೇಳಲೂ ಇಲ್ಲ. ಅವನು ಸಮಾಧಿಯಾಗಲಿಲ್ಲ. ಅವನನ್ನು ಕೊಂದರು, ಅವನು ಮುಳುಗಿ ಸತ್ತ. ಆ ಕಠೋರ ಕ್ರಿಯಾಪದವನ್ನು ತಪ್ಪಿಸುವುದಕ್ಕೆ ನಾವು ಒಂದು ಸಂಸ್ಕೃತ ಪದದ ಶಾಲು ಹೊದೆಸಿದ್ದೇವೆ.

ಇದು ಬರೀ ಪದದ ಜಗಳವಲ್ಲ. ಆ ಪದದ ಬೆನ್ನಿಗೆ ಒಂದು ನಿಲುವು ಇದೆ. ಸಮುದ್ರದಲ್ಲಿ ಹೋದವನಿಗೆ ಸಮುದ್ರವೇ ಸ್ಮಾರಕ, ಬೇರೆ ಗುರುತು ಯಾಕೆ ಎನ್ನುವುದು ಆ ನಿಲುವು. ಹಡಗಿನ ಜೊತೆಗೇ ಹೋದ ಕ್ಯಾಪ್ಟನ್ನರ ಕಥೆ ಹೇಳಿದರೆ ಎಲ್ಲರನ್ನೂ ನೆನೆದಂತಾಯಿತು, ನಿಜವಾದ ವೀರ ಹೆಸರು ಬಯಸುವುದಿಲ್ಲ ಎಂಬ ಮಾತುಗಳೂ ಅದರ ಜೊತೆಗೇ ಬರುತ್ತವೆ. ಒಂದೇ ಬಳ್ಳಿಯ ಕಾಯಿಗಳು ಇವೆಲ್ಲ. ಕೇಳುವುದಕ್ಕೆ ಗಂಭೀರವಾಗಿವೆ, ಎದೆ ತುಂಬುವಂತಿವೆ. ಆದರೆ ಅವುಗಳ ಫಲ ಒಂದೇ: ಒಬ್ಬನೇ ಒಬ್ಬ ನಾವಿಕನ ಮುಖವೂ ಕಣ್ಣೆದುರು ಬಾರದೆ ನಾವು ನೆನೆದೆವು ಎಂದುಕೊಂಡು ಮನೆಗೆ ಹೋಗುತ್ತೇವೆ.

ಆ ರಾತ್ರಿ ನಡೆದದ್ದನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಖುಕ್ರಿ ದೊಡ್ಡ ಹಡಗಲ್ಲ. ಇಂಗ್ಲೆಂಡಿನಲ್ಲಿ ಕಟ್ಟಿದ, ಉಗಿಯಂತ್ರದಿಂದ ಓಡುವ, ಜಲಾಂತರ್ಗಾಮಿಗಳನ್ನು ಹುಡುಕಿ ಹೊಡೆಯುವುದಕ್ಕೆಂದೇ ಇದ್ದ ಫ್ರಿಗೇಟ್. 1971ರ ಡಿಸೆಂಬರ್ 4ರ ರಾತ್ರಿ ನಮ್ಮ ಕ್ಷಿಪಣಿ ದೋಣಿಗಳು ಕರಾಚಿಯನ್ನು ಹೊಡೆದವು. ಆ ದಿನವನ್ನೇ ಈಗ ನೌಕಾಪಡೆ ದಿನವೆಂದು ಆಚರಿಸುತ್ತೇವೆ. ಐದು ದಿನ ಕಳೆದು, ಡಿಸೆಂಬರ್ 9ರಂದು, ದಿಯು ಕರಾವಳಿಯಿಂದಾಚೆ ಖುಕ್ರಿಯೂ ಅದರ ಜೊತೆಗಾರ ಹಡಗು ಕಿರ್ಪಾನ್ ಕೂಡ ಅಲ್ಲಿ ಅಡಗಿದ್ದ ಪಾಕಿಸ್ತಾನದ ಜಲಾಂತರ್ಗಾಮಿಯನ್ನು ಹುಡುಕುತ್ತಿದ್ದವು. ಹಂಗೋರ್ ಎಂಬ ಆ ಜಲಾಂತರ್ಗಾಮಿ ಇವರನ್ನು ಮೊದಲೇ ಕಂಡಿತ್ತು. ರಾತ್ರಿ ಎಂಟೂ ಮುಕ್ಕಾಲರ ಆಸುಪಾಸಿನಲ್ಲಿ ಅದು ಬಿಟ್ಟ ಟಾರ್ಪಿಡೊ ಖುಕ್ರಿಗೆ ತಗುಲಿತು. ಕೆಲವೇ ನಿಮಿಷಗಳಲ್ಲಿ ಹಡಗು ಇರಲಿಲ್ಲ. ಸ್ವತಂತ್ರ ಭಾರತದ ನೌಕಾಪಡೆ ಯುದ್ಧದಲ್ಲಿ ಕಳೆದುಕೊಂಡ ಮೊದಲ ಹಡಗು ಅದು. ಮರುದಿನ ಐಎನ್‌ಎಸ್ ಕಟ್ಚಾಲ್ ಬಂದು ಆರು ಅಧಿಕಾರಿಗಳನ್ನೂ 61 ನಾವಿಕರನ್ನೂ ನೀರಿನಿಂದ ಎತ್ತಿತು.

ಇಷ್ಟನ್ನು ಯಾವ ಭಾಷಣಕಾರನೂ ಹೇಳುತ್ತಾನೆ. ಅವನು ಹೇಳದ ಒಂದು ವಿಷಯವಿದೆ. ಹಡಗಿನಲ್ಲಿ ನಾಲ್ಕು ಗಂಟೆಗೊಂದು ಪಾಳಿ, ಸಂಜೆ ಮಾತ್ರ ಎರಡೆರಡು ಗಂಟೆಯದು. ರಾತ್ರಿ ಎಂಟಕ್ಕೆ ಪಾಳಿ ಬದಲಾಗುತ್ತದೆ. ಅಂದರೆ ಟಾರ್ಪಿಡೊ ಬಡಿದ ಹೊತ್ತಿಗೆ ಬಾಯ್ಲರ್ ಕೋಣೆ, ಎಂಜಿನ್ ಕೋಣೆಗಳಿಗೆ ಹೊಸದಾಗಿ ಇಳಿದವರು ಇಳಿದು ಇನ್ನೂ ಒಂದು ಗಂಟೆಯಾಗಿರಲಿಲ್ಲ. ಕಿರಿದಾದ ಕಬ್ಬಿಣದ ಏಣಿ, ಅದರ ಬುಡದಲ್ಲಿ ಧಗೆ, ಕಿವಿ ಮುಚ್ಚುವಷ್ಟು ಸದ್ದು, ಗೋಡೆಯಾಚೆಗೆ ಸಮುದ್ರ. ಯುದ್ಧದ ಹೊತ್ತಿನಲ್ಲಿ ಒಂದು ಕೋಣೆಗೆ ನುಗ್ಗಿದ ನೀರು ಇನ್ನೊಂದಕ್ಕೆ ಹೋಗದಂತೆ ಉಕ್ಕಿನ ಬಾಗಿಲುಗಳನ್ನು ಬಿಗಿಯುತ್ತಾರೆ. ಹಡಗನ್ನು ಉಳಿಸುವ ಬಾಗಿಲು ಅದು. ಒಳಗಿದ್ದವನನ್ನು ಹೊರಗೆ ಬಿಡದ ಬಾಗಿಲೂ ಅದೇ. ಹಾಗೆಂದು ಗೊತ್ತಿದ್ದೂ ದಿನವೂ ಇಳಿಯುತ್ತಿದ್ದರು. ಪಾಳಿ ಮುಗಿಸಿ ಹತ್ತುತ್ತಿದ್ದವನೂ ಇಳಿಯುತ್ತಿದ್ದವನೂ ಆ ಏಣಿಯ ಬಳಿ ಎದುರಾದಾಗ ಏನು ಮಾತಾಡಿರಬಹುದು? ಚಹಾ ಉಳಿದಿದೆಯಾ ಎಂದು ಕೇಳಿರಬಹುದು. ಅಷ್ಟು ಸಾಮಾನ್ಯವಾದ ಒಂದು ರಾತ್ರಿ.

ಬಂದೂಕು ಎತ್ತಿ ಶತ್ರುವಿನತ್ತ ಓಡಿದವನನ್ನು ಚಿತ್ರಿಸುವುದು ಸುಲಭ. ಅವನಿಗೆ ಮುಖವಿರುತ್ತದೆ, ಭಂಗಿ ಇರುತ್ತದೆ, ಪ್ರತಿಮೆ ಮಾಡಬಹುದು. ಕವಾಟ ಹಿಡಿದು ನಿಂತವನಿಗೆ, ಅಡುಗೆ ಕಟ್ಟೆಯಲ್ಲಿ ಪಾತ್ರೆ ತೊಳೆಯುತ್ತಿದ್ದವನಿಗೆ, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ನೀರಿನಡಿಯ ಸದ್ದು ಕೇಳುತ್ತಿದ್ದವನಿಗೆ ಭಂಗಿಯಿಲ್ಲ. ಹಾಗಾಗಿ ‘ಅವನು ಮಾಡಿದ್ದೇನು?’ ಎಂಬ ಪ್ರಶ್ನೆ ಏಳುತ್ತದೆ. ಒಬ್ಬ ಹಿರಿಯರು ನನ್ನನ್ನು ನೇರವಾಗಿಯೇ ಕೇಳಿದ್ದರು: ‘ಡ್ಯೂಟಿಯ ಮೇಲಿದ್ದರು, ಹಡಗು ಮುಳುಗಿತು, ಹೋದರು. ಪಾಪ, ಸರಿ. ಆದರೆ ವೀರರು ಅನ್ನಬೇಕಾದರೆ ಏನಾದರೂ ಮಾಡಿರಬೇಕಲ್ಲ ಮಾರಾಯರೆ?’ ಅವರಿಗೆ ಅವತ್ತು ಸರಿಯಾಗಿ ಉತ್ತರ ಹೇಳಲಾಗಲಿಲ್ಲ. ಇವತ್ತು ಹೇಳುತ್ತೇನೆ. ನೀರಿನ ಮಟ್ಟಕ್ಕಿಂತ ಕೆಳಗಿನ, ಮುಚ್ಚಿದ ಬಾಗಿಲಿನ ಕೋಣೆಗೆ ಶತ್ರುವಿನ ಜಲಾಂತರ್ಗಾಮಿ ಓಡಾಡುವ ಸಮುದ್ರದಲ್ಲಿ ಪ್ರತಿದಿನ ಇಳಿಯುವುದು, ನಾಲ್ಕು ಗಂಟೆ ನಿಲ್ಲುವುದು, ನಾಳೆ ಮತ್ತೆ ಇಳಿಯುವುದು. ಅವರು ಮಾಡಿದ್ದು ಅದು. ಅದು ಸಾಲದು ಅನ್ನುವವರು ಒಮ್ಮೆ ಆ ಏಣಿ ಇಳಿದು ನೋಡಲಿ.

ಇನ್ನು ಕ್ಯಾಪ್ಟನ್ ಮಹೇಂದ್ರನಾಥ್ ಮುಲ್ಲಾ ಅವರ ವಿಷಯ. ಅವರ ಬಗ್ಗೆ ನನಗಿರುವ ಗೌರವ ಯಾರಿಗಿಂತಲೂ ಕಡಿಮೆಯದಲ್ಲ. ಹಡಗು ವಾಲುತ್ತಿದ್ದಾಗ ಹೊರಗೆ ಹೋಗಲು ಸಹಾಯ ಮಾಡಿದರು, ತಮ್ಮ ಜೀವರಕ್ಷಕ ಜಾಕೆಟ್ಟನ್ನು ಒಬ್ಬ ನಾವಿಕನಿಗೆ ಕೊಟ್ಟರು, ತಾವು ಹಡಗಿನಲ್ಲೇ ಉಳಿದರು ಎಂದು ಬದುಕಿ ಬಂದವರು ಹೇಳಿದರು. ಮರಣೋತ್ತರವಾಗಿ ಮಹಾವೀರ ಚಕ್ರ ಸಂದಿತು. ಸಲ್ಲಬೇಕಾದದ್ದೇ. ನನ್ನ ತಕರಾರು ಅವರ ಮೇಲಲ್ಲ, ನಾವು ಆ ಕಥೆಯನ್ನು ಹೇಳುವ ರೀತಿಯ ಮೇಲೆ. ನಮ್ಮ ಕಥೆಯಲ್ಲಿ ಆ ಜಾಕೆಟ್ಟು ಕೊಟ್ಟವರಿದ್ದಾರೆ, ಪಡೆದವನಿಲ್ಲ. ‘ಒಬ್ಬ ನಾವಿಕ’ ಅಷ್ಟೆ. ಅವನಿಗೆ ವಯಸ್ಸೆಷ್ಟು, ಊರು ಯಾವುದು, ಆ ಜಾಕೆಟ್ಟು ಅವನನ್ನು ದಡ ಮುಟ್ಟಿಸಿತೇ? ಕಥೆ ಹೇಳುವವನಿಗೆ ಅದು ಬೇಕಾಗಿಲ್ಲ, ಕೇಳುವವನೂ ಕೇಳುವುದಿಲ್ಲ. ಸಾಯುವ ಗಳಿಗೆಯಲ್ಲಿ ಕ್ಯಾಪ್ಟನ್ನರ ಕಣ್ಣಿಗೆ ಆ ಹುಡುಗ ತನ್ನಷ್ಟೇ, ತನಗಿಂತಲೂ ಹೆಚ್ಚು ಬದುಕಬೇಕಾದವನಾಗಿ ಕಂಡಿದ್ದ. ನಮ್ಮ ಕಣ್ಣಿಗೆ ಅವನು ಕ್ಯಾಪ್ಟನ್ನರ ತ್ಯಾಗ ಬೆಳಗುವುದಕ್ಕೆ ಬೇಕಾದ ಒಂದು ನೆರಳು. ಯಾರ ಹೆಸರಿನಲ್ಲಿ ನಾವು ಉಳಿದವರನ್ನು ಮರೆಯುತ್ತಿದ್ದೇವೋ ಅವರು ಮಾಡಿದ್ದು ಸರಿಯಾಗಿ ಇದರ ಉಲ್ಟಾ. ಮುಲ್ಲಾ ಅವರನ್ನು ನಿಜವಾಗಿ ಗೌರವಿಸುವವರು ಅವರು ಯಾರನ್ನು ನೋಡಿದರೋ ಅವರನ್ನು ನೋಡಬೇಕು.

ಅಧಿಕಾರಿಗೆ ಹೆಸರು, ಜವಾನನಿಗೆ ಸಂಖ್ಯೆ ಎನ್ನುವ ಈ ಲೆಕ್ಕ ಎಲ್ಲಿಂದ ಬಂತು? ಇರಾಕಿನ ಬಸ್ರಾದಲ್ಲಿ ಮೊದಲ ಮಹಾಯುದ್ಧದ ದೊಡ್ಡ ಸ್ಮಾರಕವೊಂದಿದೆ. ಮೆಸೊಪೊಟೇಮಿಯಾದಲ್ಲಿ ಸತ್ತು ಗೋರಿ ಸಿಗದ 40,000ಕ್ಕೂ ಹೆಚ್ಚು ಮಂದಿಯದು. ಅಲ್ಲಿ ಬ್ರಿಟಿಷ್ ಸಿಪಾಯಿಗಳಿಗೆ ಹೆಸರಿದೆ, ಭಾರತೀಯ ಅಧಿಕಾರಿಗಳಿಗೂ ಹೆಸರಿದೆ. ಭಾರತೀಯ ಸಿಪಾಯಿಗಳು? ಇಂಥ ರೆಜಿಮೆಂಟಿನ ಇಷ್ಟು ಮಂದಿ, ಅಷ್ಟೇ. ಕೋಲ್ಕತ್ತದ ಹೇಸ್ಟಿಂಗ್ಸ್‌ನಲ್ಲಿ ಹೂಗ್ಲಿ ನದಿಯ ದಡದಲ್ಲಿ 1924ರಲ್ಲಿ ಅನಾವರಣಗೊಂಡ ಲಸ್ಕರ್ ಸ್ಮಾರಕ ನಿಂತಿದೆ. ಎತ್ತರವಾದ, ಚೆಂದದ ಕಟ್ಟಡ. ಅದೇ ಯುದ್ಧದಲ್ಲಿ ಬ್ರಿಟಿಷ್ ಹಡಗುಗಳಲ್ಲಿ ದುಡಿದು ಸತ್ತ ಬಂಗಾಳ, ಅಸ್ಸಾಂ, ಉತ್ತರ ಭಾರತದ 896 ನಾವಿಕರ ನೆನಪಿಗೆ ಎಂದು ಬರೆದಿದೆ. 896. ಆ ಅಂಕಿಯನ್ನು ಒಂದೊಂದೇ ಹೆಸರಾಗಿ ಬಿಡಿಸಿ ಬರೆಯುವಷ್ಟು ಕಲ್ಲು ಅಲ್ಲಿ ಧಾರಾಳವಾಗಿತ್ತು.

ಹೆಸರು ಗೊತ್ತಿರಲಿಲ್ಲ ಎಂದು ಯಾರೂ ಹೇಳಬಾರದು. ಹಡಗು ಹತ್ತುವಾಗ ಕರಾರಿಗೆ ಹೆಬ್ಬೆಟ್ಟು ಒತ್ತಿಸಿಕೊಂಡಿದ್ದರಲ್ಲ, ಅದು ಹೆಸರಿನ ಮುಂದೆಯೇ. ಬ್ರಿಟಿಷ್ ನಾವಿಕನ ಸಂಬಳದ ಮೂರನೇ ಒಂದು ಪಾಲೋ ಐದನೇ ಒಂದು ಪಾಲೋ ಕೊಡುತ್ತಿದ್ದರು, ಅದನ್ನಾದರೂ ಹೆಸರು ಕರೆದೇ ಎಣಿಸಿ ಕೊಡುತ್ತಿದ್ದರು. ಮುಂಗಡ ಮುರಿದುಕೊಳ್ಳುವಾಗ ಇದ್ದ ಹೆಸರು ಸತ್ತ ಮೇಲೆ ಇಲ್ಲವಾಯಿತು. 1923ರಲ್ಲಿ ಆಫ್ರಿಕಾದ ಗೋಲ್ಡ್ ಕೋಸ್ಟ್‌ನ ಗವರ್ನರ್, ಅಲ್ಲಿಯ ಜನಕ್ಕೆ ಗೋರಿಕಲ್ಲು ಅರ್ಥವಾಗುವುದೂ ಇಲ್ಲ, ಬೇಕಾಗಿಯೂ ಇಲ್ಲ ಎಂಬ ಅರ್ಥದಲ್ಲಿ ಮಾತಾಡಿದ್ದ. ಹತ್ತಿರ ಹತ್ತಿರ ನೂರು ವರ್ಷವಾದ ಮೇಲೆ, 2021ರಲ್ಲಿ, ಕಾಮನ್‌ವೆಲ್ತ್ ಯುದ್ಧ ಸಮಾಧಿಗಳ ಆಯೋಗ ತಾನೇ ತನಿಖೆ ಮಾಡಿಸಿ ಒಪ್ಪಿಕೊಂಡಿತು: ಕನಿಷ್ಠ 1,16,000 ಮಂದಿ, ಬಹುಶಃ ಮೂರೂವರೆ ಲಕ್ಷದವರೆಗೂ, ಹೆಸರಿನಿಂದ ನೆನೆಯಲ್ಪಡಲಿಲ್ಲ ಅಥವಾ ಸ್ಮಾರಕವೇ ಇಲ್ಲದೆ ಹೋದರು. ಹೆಚ್ಚಿನವರು ಆಫ್ರಿಕಾ ಮತ್ತು ಮಧ್ಯಪ್ರಾಚ್ಯದವರು, ಭಾರತದವರೂ ಇದ್ದರು. ಆಯೋಗ ಕ್ಷಮೆ ಕೇಳಿತು. ಎರಡನೇ ಮಹಾಯುದ್ಧದ ಹೊತ್ತಿಗೆ ಸ್ವಲ್ಪ ಸುಧಾರಿಸಿ, ಸಮುದ್ರದಲ್ಲಿ ಸತ್ತ ಸುಮಾರು 6,500 ಭಾರತೀಯ ನಾವಿಕರ ಹೆಸರನ್ನು ಪುಸ್ತಕದಲ್ಲಿ ಬರೆದಿಟ್ಟರು. ಒಂದೇ ರೀತಿಯ ಎರಡು ಪುಸ್ತಕ. ಒಂದು ಮುಂಬಯಿಯ ಮಸ್ಜಿದ್ ಬಂದರಿನ ನಾವಿಕರ ವಸತಿಗೃಹದಲ್ಲಿದೆ, ಇನ್ನೊಂದು ಚಿತ್ತಗಾಂಗ್‌ನಲ್ಲಿ.

ನಮ್ಮ ಮಲ್ಪೆ ದಕ್ಕೆಯಲ್ಲಿ ನಿಂತರೆ ಇವತ್ತಿಗೂ ‘ತಾಂಡೇಲ’, ‘ಕಲಾಸಿ’ ಎಂಬ ಮಾತು ಕಿವಿಗೆ ಬೀಳುತ್ತದೆ. ಆ ಲಸ್ಕರ್‌ಗಳ ಹಡಗಿನಲ್ಲೂ ಇದ್ದ ಹುದ್ದೆಗಳೇ ಇವು. ಬೇರೆ ಊರಿನ, ಬೇರೆ ಕಾಲದ ಕಥೆ ಎಂದು ನಾನು ದೂರ ನಿಲ್ಲಲಾರೆ.

ಹೇಳಬೇಕೆಂದಿರುವುದು ಇಷ್ಟು: ‘ಅನಾಮಿಕ ವೀರ’ ಎಂದು ನಾವು ಅಷ್ಟು ಭಕ್ತಿಯಿಂದ ಹೇಳುವ ಮಾತು ನಮ್ಮ ಮಟ್ಟಿಗೆ ಆ ಬಸ್ರಾದ ಲೆಕ್ಕದಿಂದ ಬಂದ ಉಡುಗೊರೆ. ನಮ್ಮ ಹಳಬರದ್ದಲ್ಲ. ಕನ್ನಡ ನಾಡಿನ ಯಾವ ಹೊಲದ ಬದುವಿಗೆ ಹೋದರೂ ವೀರಗಲ್ಲು ಸಿಗುತ್ತದೆ. ಕೆಳಗಿನ ಹಂತದಲ್ಲಿ ಕಾದಾಟ, ನಡುವೆ ಅಪ್ಸರೆಯರು ಅವನನ್ನು ಎತ್ತಿ ಒಯ್ಯುವುದು, ಮೇಲೆ ಕೈಲಾಸ. ಅವು ರಾಜರ ಕಲ್ಲುಗಳಲ್ಲ. ಊರ ದನಗಳನ್ನು ಅಟ್ಟಿಕೊಂಡು ಹೋದವರ ಬೆನ್ನುಹತ್ತಿ ಸತ್ತವನದ್ದು, ಹೆಣ್ಣುಮಕ್ಕಳ ಮಾನ ಕಾಯಲು ಸತ್ತವನದ್ದು, ಯಾರದೋ ಮನೆಯ ಆಳಿನದ್ದು. ಬರಹವಿದ್ದರೆ ಇಂಥವನ ಮಗ ಇಂಥವನು, ಇಂಥ ಕಡೆ ಕಾದಿ ಸತ್ತ, ಕಲ್ಲು ನಿಲ್ಲಿಸಿದವರು ಇಂಥವರು ಎಂದಿರುತ್ತದೆ. ಎಲ್ಲ ಕಲ್ಲಿಗೂ ಬರಹವಿಲ್ಲ, ನಿಜ. ಆದರೆ ಪ್ರತಿ ಕಲ್ಲೂ ಒಬ್ಬನದ್ದು. ಬೆಂಗಳೂರು ಎಂಬ ಊರಿನ ಹೆಸರು ನಮಗೆ ಸಿಗುವ ಅತಿ ಹಳೆಯ ಬರಹವೆಂದು ಹೇಳುವ ಬೇಗೂರಿನ ಶಾಸನ, ಒಂಬತ್ತನೇ ಶತಮಾನದ ಕೊನೆಯದು, ‘ಬೆಂಗಳೂರ ಕಾಳಗ’ದಲ್ಲಿ ಸತ್ತವನ ನೆನಪಿಗೆ ನಿಲ್ಲಿಸಿದ ಕಲ್ಲು. ಸತ್ತವನು ದೊರೆಯಲ್ಲ, ದೊರೆಯ ಸಾಮಂತನ ಮನೆಯವನು. ಆ ಕಲ್ಲಿಲ್ಲದಿದ್ದರೆ ಆ ಕಾಳಗವೂ ಇರುತ್ತಿರಲಿಲ್ಲ.

ಇನ್ನೊಂದು ಕಲ್ಲು ನನ್ನನ್ನು ಯಾವಾಗಲೂ ಕಾಡುತ್ತದೆ. ಹತ್ತನೇ ಶತಮಾನದ ನಡುವಿನ ಆತಕೂರಿನ ಶಾಸನ. ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಅದರ ಮೇಲೆ ಒಂದು ನಾಯಿ, ಒಂದು ಕಾಡುಹಂದಿ ಕಾದಾಡುತ್ತಿವೆ. ಗಂಗರ ದೊರೆ ಬೂತುಗನಿಂದ ಅವನ ಯೋಧ ಮಣಲೇರ ಕೇಳಿ ಪಡೆದ ಬೇಟೆನಾಯಿ ಅದು. ಹಂದಿಯ ಮೇಲೆ ಬಿದ್ದು, ಅದನ್ನು ಕೊಂದು, ತಾನೂ ಸತ್ತಿತು. ಮಣಲೇರ ಕಲ್ಲು ನಿಲ್ಲಿಸಿ ಅದಕ್ಕೆ ಪೂಜೆ ನಡೆಯಲೆಂದು ಭೂಮಿ ಬಿಟ್ಟ. ಆ ನಾಯಿಯ ಹೆಸರು ಕಾಳಿ. ಸಾವಿರ ವರ್ಷ ದಾಟಿದೆ, ನಮಗೆ ಇನ್ನೂ ಗೊತ್ತಿದೆ. ತನ್ನ ನಾಯಿಯನ್ನೂ ‘ಒಂದು ನಾಯಿ’ ಎಂದು ಬಿಡದ ನಾಡು ಇದು. ಅಂಥ ನಾಡಿನವರಾದ ನಾವು ‘176 ನಾವಿಕರು’ ಎಂದು ಹೇಳಿ ಉಸಿರು ಬಿಡುವುದು ಹೇಗೆ ಸಾಧ್ಯ?

ಕಡಲಲ್ಲಿ ಸತ್ತವರಿಗೆ ಕಲ್ಲಿನ ಪದ್ಧತಿಯಿಲ್ಲ ಎಂದೂ ಹೇಳಬೇಡಿ. ಮುಂಬಯಿ ಬೋರಿವಲಿ ಬಳಿಯ ಏಕ್ಸಾರ್‌ನಲ್ಲಿ ಸಾಲಾಗಿ ವೀರಗಲ್ಲುಗಳಿವೆ. ಅವುಗಳಲ್ಲಿ ಹಡಗುಗಳಿವೆ, ಒಂದರ ಹಿಂದೊಂದು, ಹುಟ್ಟು ಹಾಕುವವರ ಸಾಲು ಸಮೇತ. ನೌಕಾಯುದ್ಧವೊಂದರಲ್ಲಿ ಬಿದ್ದವರ ಕಲ್ಲುಗಳು. ಕೆತ್ತಿದವನು ಹುಟ್ಟುಗಳನ್ನೂ ಬಿಡಲಿಲ್ಲ.

ಈಗ ನನ್ನ ಎದುರಾಳಿಗಳ ಬಲವಾದ ವಾದಕ್ಕೆ ಬರುತ್ತೇನೆ. ‘ಹೆಸರುಗಳು ಇವೆಯಲ್ಲ. ದೆಹಲಿಯ ರಾಷ್ಟ್ರೀಯ ಯುದ್ಧ ಸ್ಮಾರಕದಲ್ಲಿ ಕೆತ್ತಿದ್ದಾರಲ್ಲ. ದಿಯುವಿನಲ್ಲಿ ಸ್ಮಾರಕ ಇದೆಯಲ್ಲ. ಇನ್ನೇನು ಬೇಕು?’ ಸರಿಯಾದ ಮಾತು. 2019ರ ಫೆಬ್ರುವರಿಯಲ್ಲಿ ತೆರೆದ ಆ ಸ್ಮಾರಕದ ತ್ಯಾಗ ಚಕ್ರದಲ್ಲಿ ಆಗ 25,942 ಹೆಸರುಗಳಿದ್ದವು, ಒಬ್ಬೊಬ್ಬನಿಗೆ ಒಂದೊಂದು ಗ್ರಾನೈಟ್ ಕಲ್ಲು. ನಮ್ಮ ಕಾಲದಲ್ಲಿ ನಡೆದ ಒಳ್ಳೆಯ ಕೆಲಸಗಳಲ್ಲಿ ಅದು ಒಂದು. ಅಧಿಕಾರಿ ಮತ್ತು ಜವಾನ ಒಂದೇ ಅಳತೆಯ ಕಲ್ಲಿನಲ್ಲಿ ಇರುವುದು ಬಸ್ರಾದ ಲೆಕ್ಕಕ್ಕೆ ಕೊಟ್ಟ ಉತ್ತರವೇ. ದಿಯುವಿನಲ್ಲಿ ಸಮುದ್ರದ ಪಕ್ಕದ ದಿಬ್ಬದ ಮೇಲೆ ಗಾಜಿನ ಮನೆಯೊಳಗೆ ಖುಕ್ರಿಯ ಮಾದರಿ ಇದೆ. ಮುಳುಗಿದ ಕಡೆಗೇ ಮುಖ ಮಾಡಿ ನಿಂತಂತಿರುವ ಜಾಗ ಅದು, ಎದುರಿಗೆ ನೀರಲ್ಲದೆ ಬೇರೇನೂ ಇಲ್ಲ. ಹಾಗಾಗಿ ಕೆತ್ತಲಿಲ್ಲ ಎನ್ನುವುದು ನನ್ನ ದೂರಲ್ಲ. ಕೆತ್ತಿದ್ದನ್ನು ಓದುವುದಿಲ್ಲ ಎನ್ನುವುದು. ಕಲ್ಲಿನಲ್ಲಿರುವುದು ಬಾಯಲ್ಲಿಲ್ಲ. ಡಿಸೆಂಬರ್ 4ರಂದು ಗೆಲುವಿನ ಭಾಷಣ ಮಾಡಿ, 9ರಂದು ಒಂದು ಸಂಖ್ಯೆ ಹೇಳಿ ಮುಗಿಸುವ ನಾವು ಹೆಸರುಗಳನ್ನು ದೆಹಲಿಯ ಗೋಡೆಗೆ ವಹಿಸಿಕೊಟ್ಟು ಕೈತೊಳೆದುಕೊಂಡಿದ್ದೇವೆ. ಆ ಹುಡುಗ ಹೊರಟದ್ದು ದೆಹಲಿಯಿಂದಲ್ಲ. ಯಾವುದೋ ಬಸ್‌ಸ್ಟ್ಯಾಂಡಿನಿಂದ, ಯಾವುದೋ ಶಾಲೆಯ ಅಂಗಳ ದಾಟಿ. ಆ ಶಾಲೆಯ ಗೋಡೆಗೆ ಅವನು ಗೊತ್ತಿದ್ದಾನೆಯೇ?

ಇನ್ನೊಂದು ವಾದ ಮೆತ್ತಗಿನದು, ಅದಕ್ಕೇ ಹೆಚ್ಚು ಅಪಾಯದ್ದು. ‘ಹಳೆಯ ಗಾಯ ಕೆದಕಬೇಡಿ. ಹೆಸರು ಹೇಳಿದಷ್ಟೂ ಮನೆಯವರಿಗೆ ನೋವು.’ ಹೀಗೆ ಹೇಳುವವರು ಕಡಲತಡಿಯ ಮನೆಗಳಲ್ಲಿ ಕೂತವರಲ್ಲ. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ ಸುವರ್ಣ ತ್ರಿಭುಜ ಬೋಟು ಏಳು ಮಂದಿ ಮೀನುಗಾರರ ಸಮೇತ ಕಾಣೆಯಾಯಿತು. ಅದು ಯುದ್ಧವಲ್ಲ, ಬೇರೆ ಸಾವು. ಆದರೆ ದೇಹ ಬಾರದ ಸಾವು ಮನೆಯೊಳಗೆ ಏನು ಮಾಡುತ್ತದೆ ಎಂಬುದನ್ನು ಆ ತಿಂಗಳುಗಳಲ್ಲಿ ಇಡೀ ಕರಾವಳಿ ಕಂಡಿತು. ಸಾವಿರಾರು ಜನ ರಸ್ತೆಗೆ ಇಳಿದದ್ದು ಪರಿಹಾರಕ್ಕಲ್ಲ, ಅವರನ್ನು ಹುಡುಕಿಕೊಡಿ ಎಂದು. 2019ರ ಮೇ ತಿಂಗಳಲ್ಲಿ ಮಹಾರಾಷ್ಟ್ರದ ಮಾಲ್ವಣದಾಚೆ ನೌಕಾಪಡೆಯ ಹಡಗು ಬೋಟಿನ ಅವಶೇಷ ಪತ್ತೆ ಮಾಡುವ ತನಕ ಆ ಮನೆಗಳಲ್ಲಿ ಅಳುವುದಕ್ಕೂ ಅನುಮತಿಯಿರಲಿಲ್ಲ. ಅತ್ತರೆ ಸತ್ತನೆಂದು ಒಪ್ಪಿಕೊಂಡಂತೆ. ಏಳು ವರ್ಷ ಸುದ್ದಿಯಿಲ್ಲದವನು ಸತ್ತನೆಂದು ಊಹಿಸಬಹುದು ಎಂದು ಕಾನೂನು ಹೇಳುತ್ತದೆ. ತಾಯಿಯ ಕಿವಿ ಆ ಲೆಕ್ಕ ಹಿಡಿಯುವುದಿಲ್ಲ. ಎಪ್ಪತ್ತೊಂದರಲ್ಲಿ ‘ಕಾಣೆಯಾಗಿದ್ದಾನೆ’ ಎಂಬ ಸುದ್ದಿ ಹೋದ ಮನೆಗಳೂ ಹೀಗೆಯೇ ಬಾಗಿಲು ಹಾಕದೆ ಕೂತಿರಬೇಕು. ಯಾರೋ ದೋಣಿಯವರು ಎತ್ತಿಕೊಂಡಿರಬಹುದು, ಯಾವುದೋ ಆಸ್ಪತ್ರೆಯಲ್ಲಿರಬಹುದು, ಕೈದಿಯಾಗಿರಬಹುದು. ಆ ಗಾಯವನ್ನು ಹೆಸರು ಕೆದಕುವುದಿಲ್ಲ. ಊರು ಸುಮ್ಮನಾದದ್ದೇ ಅದನ್ನು ಹಸಿಯಾಗಿ ಇಟ್ಟದ್ದು.

ಒಂದು ಮಾತನ್ನು ಇಲ್ಲೇ ಹೇಳಿಬಿಡಬೇಕು, ಯಾರಿಗೆ ಇಷ್ಟವಾದರೂ ಆಗದಿದ್ದರೂ. ಅದೇ ಯುದ್ಧದ ಮೊದಲ ರಾತ್ರಿಗಳಲ್ಲಿ ವಿಶಾಖಪಟ್ಟಣದ ಹೊರಗೆ ಪಾಕಿಸ್ತಾನದ ಗಾಜಿ ಜಲಾಂತರ್ಗಾಮಿ ತೊಂಬತ್ತಕ್ಕೂ ಹೆಚ್ಚು ಜನರ ಸಮೇತ ಮುಳುಗಿತು. ಒಬ್ಬನೂ ಉಳಿಯಲಿಲ್ಲ. ಈಗಲೂ ನಮ್ಮ ಕಡಲಿನ ತಳದಲ್ಲಿದ್ದಾರೆ. ಅವರೂ ಏಣಿ ಇಳಿದು ಪಾಳಿಗೆ ನಿಂತವರೇ, ಅವರ ತಾಯಂದಿರೂ ಬಾಗಿಲು ನೋಡಿದವರೇ. ನಮ್ಮವನನ್ನು ಹೆಸರಿಟ್ಟು ಅಳಲು ಕಲಿತವನಿಗೆ ಇದು ಅರ್ಥವಾಗುತ್ತದೆ. ಸಂಖ್ಯೆ ಹೇಳುವವನಿಗೆ ಅವರು ಸ್ಕೋರಿನ ಇನ್ನೊಂದು ಬದಿ ಅಷ್ಟೆ.

ಹಾಗಾದರೆ ಈ ಲೇಖನದಲ್ಲಿ ನೀವೇ ಯಾಕೆ ಒಬ್ಬ ನಾವಿಕನ ಹೆಸರು ಬರೆದಿಲ್ಲ ಎಂದು ಓದುಗರು ಕೇಳಬಹುದು. ಬಹಳ ಯೋಚಿಸಿದೆ. ಒಬ್ಬನನ್ನು ಆರಿಸಿ, ಅವನ ಫೋಟೊ, ಅವನ ಪತ್ರ, ಅವನ ಕಿರುನಗೆ ಎಂದೆಲ್ಲ ಬರೆದರೆ ನಿಮ್ಮ ಕಣ್ಣು ತುಂಬುತ್ತಿತ್ತು. ಉಳಿದ 175 ಮಂದಿ ಮತ್ತೆ ಅವನ ಹಿಂದಿನ ನೆರಳಾಗುತ್ತಿದ್ದರು. ಕ್ಯಾಪ್ಟನ್ನರ ಕಥೆಯಲ್ಲಿ ನಾವು ಮಾಡಿದ ತಪ್ಪನ್ನೇ ಇನ್ನೊಮ್ಮೆ ಮಾಡಿದಂತೆ. ಪಟ್ಟಿಯನ್ನು ಪೂರ್ತಿ ಓದಬೇಕು. ಅರ್ಧ ಓದುವ ಹಾಗಿಲ್ಲ, ಹುದ್ದೆಯ ಕ್ರಮದಲ್ಲೂ ಓದುವ ಹಾಗಿಲ್ಲ.

ಎಷ್ಟು ಹೊತ್ತು ಹಿಡಿದೀತು? ಒಂದು ಹೆಸರಿಗೆ ನಾಲ್ಕು ಸೆಕೆಂಡು ಕೊಟ್ಟರೂ 194 ಹೆಸರಿಗೆ ಹದಿಮೂರು ನಿಮಿಷ ಪೂರ್ತಿ ಆಗುವುದಿಲ್ಲ. ನಮ್ಮಲ್ಲಿ ಮುಖ್ಯ ಅತಿಥಿಗಳನ್ನು ಸ್ವಾಗತಿಸಿ ಹಾರ ಹಾಕುವುದಕ್ಕೆ ಅದಕ್ಕಿಂತ ಹೆಚ್ಚು ಹೊತ್ತು ಬೇಕು. ಡಿಸೆಂಬರ್ 9ರ ಸಂಜೆ ಕಾರವಾರದಲ್ಲಿ, ಮಂಗಳೂರಿನಲ್ಲಿ, ಮಲ್ಪೆಯಲ್ಲಿ ಭಾಷಣ ಬಿಟ್ಟು ಆ ಹೆಸರುಗಳನ್ನು ಮಾತ್ರ ಓದಲಿ. ಶಾಲೆಯ ಮಕ್ಕಳೇ ಓದಲಿ. ಪಂಜಾಬಿ ಹೆಸರು, ಮಲಯಾಳಿ ಹೆಸರು, ಬಂಗಾಳಿ ಹೆಸರು ನಾಲಿಗೆಗೆ ತೊಡರುತ್ತವೆ. ತೊಡರಲಿ. ಇನ್ನು ಸೈನಿಕ ಕಲ್ಯಾಣ ಇಲಾಖೆಗೆ ಜಿಲ್ಲಾ ಮಟ್ಟದ ಕಚೇರಿಗಳಿವೆ. ತಮ್ಮ ವ್ಯಾಪ್ತಿಯ ಊರುಗಳಿಂದ ಹೋಗಿ ಕಡಲಲ್ಲಿ ಉಳಿದವರು ಯಾರು, ಯಾವ ಊರು, ಯಾವ ಶಾಲೆ ಎಂದು ಹುಡುಕಿ ಆ ಶಾಲೆಯ ಗೋಡೆಗೆ ಒಂದು ಕಲ್ಲು ಹಾಕಿಸುವುದು ದೊಡ್ಡ ಖರ್ಚಿನ ಕೆಲಸವಲ್ಲ. ಅವನ ಜೊತೆಗೆ ಬೆಂಚಿನಲ್ಲಿ ಕೂತವರಿಗೆ ಈಗ ಎಪ್ಪತ್ತು ದಾಟಿದೆ. ಕೇಳುವುದಿದ್ದರೆ ಈಗಲೇ ಕೇಳಬೇಕು.

ದೇಹವಿಲ್ಲದ ಸಾವಿಗೆ ಏನು ಮಾಡಬೇಕೆಂದು ನಮ್ಮವರಿಗೆ ಗೊತ್ತಿತ್ತು. ದರ್ಭೆಯಲ್ಲೋ ಮುತ್ತುಗದ ತೊಟ್ಟುಗಳಲ್ಲೋ ಒಂದು ಮನುಷ್ಯಾಕೃತಿ ಕಟ್ಟುತ್ತಾರೆ. ಶಾಸ್ತ್ರದ ಲೆಕ್ಕಕ್ಕೆ 360 ತೊಟ್ಟು, ತಲೆಗಿಷ್ಟು, ಎದೆಗಿಷ್ಟು, ಕೈಕಾಲಿಗಿಷ್ಟು. ಅದಕ್ಕೆ ಅವನ ಹೆಸರು, ಗೋತ್ರ ಹೇಳಿಯೇ ಬೆಂಕಿ ಕೊಡುತ್ತಾರೆ. ಕರಾವಳಿಯ ಬ್ಯಾರಿಗಳಲ್ಲಿ, ನವಾಯತರಲ್ಲಿ ಎದುರಿಗಿಲ್ಲದ ಮಯ್ಯತ್ತಿಗೂ ನಮಾಜು ಉಂಟು. ಇಗರ್ಜಿಯಲ್ಲಿ ಸತ್ತವನ ಹೆಸರು ಹೇಳಿ ಪೂಜೆ ಇಡಿಸುತ್ತಾರೆ. ಯಾರೂ ‘ಒಬ್ಬ ನಾವಿಕ’ ಎಂದು ಪ್ರಾರ್ಥಿಸುವುದಿಲ್ಲ.

ನಮ್ಮ ತುಳುನಾಡಿನ ಮನೆಗಳಲ್ಲಿ ಬೊಜ್ಜದ, ಅಂದರೆ ಉತ್ತರಕ್ರಿಯೆಯ, ಹೊತ್ತಿಗೆ ‘ಉಲಾಯಿ ಲೆಪ್ಪುನಿ’ ಎಂದೊಂದು ಕ್ರಮವಿದೆ. ಒಳಗೆ ಕರೆಯುವುದು. ಹೊರಗೆ ಅಲೆಯುತ್ತಿರುವ ಸತ್ತವನನ್ನು ಮನೆಯೊಳಗೆ ಬಾ, ಹಿರಿಯರ ಜೊತೆ ಸೇರಿಕೋ ಎಂದು ಕರೆಯುವುದು. ಕಡಲಿನಲ್ಲಿ ಹೋಗಿ ದೇಹ ಸಿಗದ ಒಬ್ಬ ಹುಡುಗನ ಮನೆಯಲ್ಲಿ ನಾನು ಅದನ್ನು ಒಮ್ಮೆ ಕಂಡಿದ್ದೇನೆ. ಕತ್ತಲಾಗಿತ್ತು. ದೀಪ ಹಿಡಿದು ಹೊಸ್ತಿಲ ಬಳಿ ನಿಂತಿದ್ದರು. ಹಿರಿಯರೊಬ್ಬರು ಶಾಲೆಯ ದಾಖಲೆಯಲ್ಲಿದ್ದ ಅವನ ಪೂರ್ತಿ ಹೆಸರು ಹೇಳಿ ಕರೆದರು. ತಾಯಿ ಅವರ ತೋಳು ಹಿಡಿದು ನಿಲ್ಲಿಸಿದಳು. ‘ಆ ಹೆಸರಿಗೆ ಅವನು ಓಗೊಡುವುದಿಲ್ಲ ಅಣ್ಣಾ’ ಎಂದಳು. ಆಮೇಲೆ ತಾನೇ ಅಂಗಳಕ್ಕಿಳಿದು, ಕಡಲಿನ ಕಡೆ ತಿರುಗಿ, ಊಟಕ್ಕೆ ತಡವಾದ ದಿನ ಕೂಗುತ್ತಿದ್ದಳಲ್ಲ, ಆ ಹೆಸರಿನಲ್ಲಿ ಮೂರು ಸಲ ಕರೆದಳು.